ಮಳೆ ಬಿಟ್ಟ ಮೇಲೆ ಒಂದು ದಿನದ ತಿರುಗಾಟ: ಮಂಗಳೂರಿನಿಂದ ಯಾವ ಊರಿಗೆ ಹೋಗೋಣ?

ಬಿಜೈ ಮಲ್ಲಿಗೆ · ಅಕ್ಟೋಬರ್ 11, ರಾತ್ರಿ 9.40

ದೀಪಾವಳಿಗೆ ನನ್ನ ತಂಗಿಯ ಸಂಸಾರ ನಾಸಿಕ್‌ನಿಂದ ಬರುತ್ತಿದೆ. ಎರಡು ವರ್ಷದ ಮೇಲೆ ಬರುತ್ತಿದ್ದಾರೆ. ಹಬ್ಬ ಕಳೆದ ಮೇಲಿನ ಭಾನುವಾರ ಎಲ್ಲರೂ ಸೇರಿ ಎಲ್ಲಾದರೂ ಹೋಗಬೇಕು ಅಂತ ಆಸೆ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು. ಬೀಚ್ ಬೇಡ, ಅದು ದಿನಾ ಸಂಜೆ ಉಂಟು. ಮಾಲ್ ಅಂತೂ ಬೇಡವೇ ಬೇಡ.

ನಾವು ಏಳು ಜನ. ಮಾವನಿಗೆ 74 ವರ್ಷ, ಎಡ ಮೊಣಕಾಲು ನೋವು. ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ನನ್ನ ಮಗನಿಗೆ 6, ತಂಗಿಯ ಮಗಳಿಗೆ 10. ಅವಳು ಪ್ರತಿ ಸಲ ಫೋನಲ್ಲಿ ಕೇಳುವುದು ಒಂದೇ: "ದೊಡ್ಡಮ್ಮ, ಅಲ್ಲಿ ದ್ರಾಕ್ಷಿ ತೋಟ ಇಲ್ವಾ?" ಅವರ ಕಡೆ ರಜೆ ಬಂತು ಅಂದರೆ ದ್ರಾಕ್ಷಿ ತೋಟ ನೋಡೋಕೆ ಹೋಗುತ್ತಾರಂತೆ. ಅವಳಿಗೆ ನಮ್ಮ ಕಡೆಯದ್ದು ಏನಾದರೂ ತೋರಿಸಬೇಕು. ಒಂದು ಹಳೇ ಊರು, ನೋಡುವಂಥ ಒಂದು ಹಳೇ ಕಟ್ಟಡ, ಸಾಧ್ಯ ಆದರೆ ಒಂದು ತೋಟವೂ. ಗೊತ್ತಿದ್ದವರು ಹೇಳಿ.

ತೋಡಾರು ತಿರುವು · ಅಕ್ಟೋಬರ್ 11, ರಾತ್ರಿ 10.05

ಕಣ್ಣು ಮುಚ್ಚಿ ಮೂಡುಬಿದಿರೆಗೆ ಬನ್ನಿ. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ವಾಮಂಜೂರು, ಗುರುಪುರ, ಕೈಕಂಬ, ಎಡಪದವು ದಾಟಿ ಬರುವ ದಾರಿಯಲ್ಲಿ ಈಗ ಗದ್ದೆಗಳೆಲ್ಲ ಬಂಗಾರದ ಬಣ್ಣ. ಕೆಲವು ಕಡೆ ಕೊಯ್ಲು ಆಗಿದೆ, ಕೆಲವು ಕಡೆ ತೆನೆ ಬಾಗಿ ನಿಂತಿದೆ. ಕಾರಿನ ಗ್ಲಾಸ್ ಇಳಿಸಿ ಬನ್ನಿ, ಕೊಯ್ದ ಹುಲ್ಲಿನ ವಾಸನೆ ಬರುತ್ತದೆ.

ಸಾವಿರ ಕಂಬದ ಬಸದಿ ಹೇಗೂ ನೋಡುತ್ತೀರಿ. ಅದಲ್ಲದೆ ಊರಲ್ಲಿ ಇನ್ನೂ 17 ಬಸದಿ ಇವೆ. ಎಲ್ಲ ಒಂದೇ ಬೀದಿಯ ಆಚೀಚೆ ಇದ್ದ ಹಾಗೆ ಇವೆ, ಮಾವನವರಿಗೆ ಕಷ್ಟ ಆಗಲ್ಲ.

ಸುರತ್ಕಲ್ ಸವಾರ · ಅಕ್ಟೋಬರ್ 12, ಬೆಳಿಗ್ಗೆ 7.15

ಅಕ್ಕ, ಅಷ್ಟು ದೂರದಿಂದ ಬಂದವರಿಗೆ ಒಂದೇ ಊರು ತೋರಿಸೋದಾ? ನಾವು ಹೋದ ವರ್ಷ ಹೀಗೆ ಮಾಡಿದೆವು: ಆರು ಗಂಟೆಗೆ ಹೊರಟು ಮೂಡುಬಿದಿರೆ, ಅಲ್ಲಿಂದ ಕಾರ್ಕಳ ಗೊಮ್ಮಟ, ಚತುರ್ಮುಖ ಬಸದಿ, ಅತ್ತೂರು ಚರ್ಚ್, ವರಂಗದ ಕೆರೆ ಬಸದಿ, ವಾಪಸ್ ಬರುವಾಗ ಉಡುಪಿ, ಕೊನೆಗೆ ಕಾಪು ದೀಪಸ್ತಂಭ. ರಾತ್ರಿ ಹತ್ತಕ್ಕೆ ಮನೆ. ಎಲ್ಲ ನೋಡಿದ ಹಾಗಾಯ್ತು, ಫೋಟೋ ಕೂಡ ಸಿಕ್ಕಿತು. ಎರಡು ವರ್ಷಕ್ಕೊಮ್ಮೆ ಬರುವವರಿಗೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಕಾರ್ಕಳದ ಮೇಷ್ಟ್ರು · ಅಕ್ಟೋಬರ್ 12, ಬೆಳಿಗ್ಗೆ 8.30

ಸವಾರರೇ, ನಿಮ್ಮ ಉತ್ಸಾಹ ಮೆಚ್ಚಿದೆ. ಆದರೆ 74ರ ಹಿರಿಯರನ್ನೂ 6ರ ಮಗುವನ್ನೂ ಕರೆದುಕೊಂಡು ಏಳು ಜಾಗ ಅಂದರೆ ದಿನದಲ್ಲಿ ಅರ್ಧ ಕಾರಿನಲ್ಲೇ ಕಳೆಯುತ್ತದೆ. ಪ್ರತಿ ಸಲ ಇಳಿಯಬೇಕು, ಚಪ್ಪಲಿ ಬಿಚ್ಚಬೇಕು, ಮತ್ತೆ ಹಾಕಬೇಕು, ಮತ್ತೆ ಹತ್ತಬೇಕು. ಮೊಣಕಾಲು ನೋವಿದ್ದವರಿಗೆ ನಡೆಯೋದಕ್ಕಿಂತ ಈ ಹತ್ತಿ ಇಳಿಯೋದೇ ಜಾಸ್ತಿ ತೊಂದರೆ.

ನಾನು 30 ವರ್ಷ ಶಾಲೆ ಮಕ್ಕಳನ್ನ ಪ್ರವಾಸಕ್ಕೆ ಕರೆದುಕೊಂಡು ಹೋದವನು. ಒಂದು ದಿನಕ್ಕೆ ಒಂದು ಊರು, ಜಾಸ್ತಿ ಅಂದರೆ ಎರಡು. ಏಳು ಊರು ನೋಡಿದ ಮಗುವಿಗೆ ಮಾರನೇ ದಿನ "ಏನು ನೋಡಿದೆ?" ಅಂದರೆ ಐಸ್‌ಕ್ರೀಂ ಅನ್ನುತ್ತದೆ. ಒಂದೇ ಬಸದಿಯಲ್ಲಿ ಎರಡು ಗಂಟೆ ಕೂತ ಮಗು ಮನೆಗೆ ಹೋಗಿ ಕಂಬದ ಚಿತ್ರ ಬರೆಯುತ್ತದೆ. ಇದು ಕಣ್ಣಾರೆ ನೋಡಿದ ಮಾತು.

ಕಾರ್ಕಳ ನನ್ನೂರು. ಆದರೂ ಈ ಸಲ ಇಲ್ಲಿಗೆ ಬನ್ನಿ ಅನ್ನಲ್ಲ. ನಮ್ಮ ಗೊಮ್ಮಟ ಇರೋದು ಬಂಡೆಯ ಬೆಟ್ಟದ ಮೇಲೆ. 1432ರಲ್ಲಿ ವೀರ ಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಮೂರ್ತಿ. ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಬೇಕು, ಮಾವನವರಿಗೆ ಬೇಡ. ಅದರ ಬದಲು ವೇಣೂರಿಗೆ ಹೋಗಿ. ಅಲ್ಲಿನ ಗೊಮ್ಮಟ 35 ಅಡಿ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ಫಲ್ಗುಣಿ ನದಿಯ ದಂಡೆ, ಸಮತಟ್ಟಾದ ಜಾಗ, ಬೆಟ್ಟ ಹತ್ತುವ ಪ್ರಶ್ನೆಯೇ ಇಲ್ಲ. ಮೂರ್ತಿಯ ಕಾಲ ಬೆರಳ ಹತ್ತಿರ ನಿಂತು ತಲೆ ಎತ್ತಿ ನೋಡಬಹುದು. ಮೂಡುಬಿದಿರೆಯಿಂದ ಸುಮಾರು 20 ಕಿಲೋಮೀಟರ್.

ಮಕ್ಕಳಿಗೆ ಹೇಳೋಕೆ ಒಂದು ಕತೆಯೂ ಉಂಟು. ಅಜಿಲರು ಗೊಮ್ಮಟ ಕೆತ್ತಿಸುತ್ತಾರೆ ಅಂತ ಗೊತ್ತಾಗಿ ಕಾರ್ಕಳದ ಅರಸನಿಗೆ ಹೊಟ್ಟೆ ಉರಿಯಿತಂತೆ. ತಮ್ಮೂರ ಗೊಮ್ಮಟನ ಹೆಸರು ಕಡಿಮೆ ಆಗುತ್ತೆ, ಆ ಮೂರ್ತಿಯನ್ನ ನಮಗೇ ಕೊಡಿ ಅಂತ ಹೇಳಿ ಕಳಿಸಿದ. ಅಜಿಲ ಮೂರ್ತಿಯನ್ನ ಹೊಳೆಯ ಮರಳಲ್ಲಿ ಹೂತು ಬಚ್ಚಿಟ್ಟ ಅಂತ ಜನ ಹೇಳುತ್ತಾರೆ. ನನ್ನ ಕ್ಲಾಸಿನ ಮಕ್ಕಳೆಲ್ಲ ಆ ಹೊಳೆ ನೋಡಿ "ಎಲ್ಲಿ ಹೂತದ್ದು ಸರ್?" ಅಂತ ಕೇಳಿದವರೇ.

ಸುರತ್ಕಲ್ ಸವಾರ · ಅಕ್ಟೋಬರ್ 12, ಬೆಳಿಗ್ಗೆ 9.00

ಮೇಷ್ಟ್ರೇ, ಮೊಣಕಾಲಿನ ವಿಷಯ ನಾನು ಯೋಚಿಸಿರಲಿಲ್ಲ. ನಾವು ಹೋದದ್ದು ನಾಲ್ಕು ಜನ ಗೆಳೆಯರು. ಹಿರಿಯರು ಇದ್ದರೆ ನೀವು ಹೇಳಿದ್ದೇ ಸರಿ. ಆದರೆ ವರಂಗ ಬಿಟ್ಟುಬಿಡಿ ಅಂದರೆ ಮನಸ್ಸು ಒಪ್ಪಲ್ಲ. ಕೆರೆಯ ನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು, ಹಿಂದೆ ಪಶ್ಚಿಮ ಘಟ್ಟ. ಮಳೆ ಬಿಟ್ಟ ಹೊಸತರಲ್ಲಿ ಕೆರೆ ತುಂಬಿರುತ್ತದೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ ಅಕ್ಕ.

ಕಾರ್ಕಳದ ಮೇಷ್ಟ್ರು · ಅಕ್ಟೋಬರ್ 12, ಬೆಳಿಗ್ಗೆ 9.20

ವರಂಗಕ್ಕೆ ಬೇರೆಯೇ ದಿನ ಬೇಕು, ಅದು ಸತ್ಯ. ವರಂಗ ಮತ್ತು ಚತುರ್ಮುಖ ಬಸದಿ ಸೇರಿಸಿದರೆ ಒಂದು ಒಳ್ಳೆಯ ದಿನ. ಚತುರ್ಮುಖ ಬಸದಿ 1586ರದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಒಳಗೆ ಹೋದರೂ ಅದೇ ಮೂರು ತೀರ್ಥಂಕರರು ಎದುರಿಗೆ. ಒಟ್ಟು 108 ಕಂಬ. ಮಕ್ಕಳನ್ನ ನಾಲ್ಕು ಬಾಗಿಲಲ್ಲಿ ನಿಲ್ಲಿಸಿ "ಮುಂಬಾಗಿಲು ಯಾವುದು ಹೇಳಿ" ಅಂತ ಕೇಳಿ ನೋಡಿ.

ಹಂಪನಕಟ್ಟೆ · ಅಕ್ಟೋಬರ್ 12, ಮಧ್ಯಾಹ್ನ 1.10

ಒಂದು ಮಾತು, ಇದನ್ನ ಯಾರೂ ಹಗುರವಾಗಿ ತಗೊಳ್ಳಬೇಡಿ. ಮಳೆ ಬಿಟ್ಟಿದೆ ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಿಗ್ಗೆ ಸುಡು ಬಿಸಿಲು, ಮೂರು ಗಂಟೆ ಆದ ಮೇಲೆ ಘಟ್ಟದ ಕಡೆ ಕಪ್ಪಾಗಿ ಗುಡುಗು ಸಿಡಿಲಿನ ಮಳೆ. ಹೋದ ವರ್ಷ ಇದೇ ತಿಂಗಳು ನಾವು ಒಂದು ಬಂಡೆ ಗುಡ್ಡದ ಮೇಲೆ ಇದ್ದೆವು. ಹತ್ತು ನಿಮಿಷದಲ್ಲಿ ಆಕಾಶ ಕಪ್ಪಾಯ್ತು. ಇಳಿಯುವಾಗ ಬಂಡೆ ಒದ್ದೆ, ಬರಿಗಾಲು. ನನ್ನ ಹೆಂಡತಿ ಜಾರಿ ಕೈ ಊರಿದಳು, ಮಣಿಕಟ್ಟಿಗೆ ಪೆಟ್ಟಾಗಿ ಮೂರು ವಾರ ಪಟ್ಟಿ ಹಾಕಬೇಕಾಯ್ತು. ಬಯಲಲ್ಲಿ, ಬಂಡೆ ಮೇಲೆ, ಮರದ ಕೆಳಗೆ ಸಿಡಿಲಿನ ಹೊತ್ತಲ್ಲಿ ನಿಲ್ಲಬೇಡಿ. ಬಯಲಿನ ಜಾಗ ಎಲ್ಲ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಮೇಲೆ ಮಾಡು (ಚಾವಣಿ) ಇರುವ ಜಾಗ.

ಕಾರ್ಕಳದ ಮೇಷ್ಟ್ರು · ಅಕ್ಟೋಬರ್ 12, ಮಧ್ಯಾಹ್ನ 1.45

ಹಂಪನಕಟ್ಟೆಯವರು ಹೇಳಿದ ಹಾಗೆ ದಾರಿಯನ್ನ ತಿರುಗಿಸಿ ಇಟ್ಟುಕೊಳ್ಳಿ. ಮೂಡುಬಿದಿರೆಯಲ್ಲಿ ತಿಂಡಿ ಮಾತ್ರ. ಅಲ್ಲಿ ನಿಲ್ಲದೆ ಸೀದಾ ವೇಣೂರು, ಒಂಬತ್ತೂವರೆ ಒಳಗೆ. ಹನ್ನೊಂದು ದಾಟಿದರೆ ಕಲ್ಲು ಕಾದುಬಿಡುತ್ತದೆ, ಬರಿಗಾಲಲ್ಲಿ ಮಕ್ಕಳು ಕುಣಿಯೋಕೆ ಶುರು ಮಾಡುತ್ತಾರೆ. ಎಲ್ಲರಿಗೂ ಒಂದೊಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಳ್ಳಿ. ಆಮೇಲೆ ಮೂಡುಬಿದಿರೆಗೆ ವಾಪಸ್, ಊಟ, ಆಮೇಲೆ ಬಸದಿ. ಸಾವಿರ ಕಂಬದ ಬಸದಿ ಒಳಗೆ ಮಟಮಟ ಮಧ್ಯಾಹ್ನವೂ ತಂಪು. ಮಳೆ ಬಂದರೆ ಇನ್ನೂ ಒಳ್ಳೇದು, ಆ ಇಳಿಜಾರು ಮಾಡು ಯಾಕೆ ಕಟ್ಟಿದರು ಅಂತ ಮಕ್ಕಳಿಗೆ ಹೇಳದೆಯೇ ಗೊತ್ತಾಗುತ್ತದೆ.

ಬಿಜೈ ಮಲ್ಲಿಗೆ · ಅಕ್ಟೋಬರ್ 12, ರಾತ್ರಿ 8.50

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ತುಂಬಾ ಖುಷಿ ಆಯ್ತು. ಮಾವನಿಗೆ ಓದಿ ಹೇಳಿದೆ. ವೇಣೂರಿಗೆ ಅವರು ಕಾಲೇಜು ದಿನಗಳಲ್ಲಿ ಸೈಕಲ್ಲಲ್ಲಿ ಹೋಗಿದ್ದರಂತೆ! ಆಮೇಲೆ ಹೋಗಿಯೇ ಇಲ್ಲ.

ಈಗ ದ್ರಾಕ್ಷಿಯ ಪ್ರಶ್ನೆ ಉಳಿಯಿತು. ನಿಜವಾಗಿ ನಮ್ಮ ಕಡೆ ದ್ರಾಕ್ಷಿ ಯಾಕೆ ಬೆಳೆಯಲ್ಲ? ಮಗುವಿಗೆ "ಇಲ್ಲ" ಅಂತ ಸುಮ್ನೆ ಹೇಳೋಕೆ ಮನಸ್ಸಿಲ್ಲ.

ತೋಟದ ಮನೆ · ಅಕ್ಟೋಬರ್ 12, ರಾತ್ರಿ 10.30

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ನಮ್ಮದು ಬೆಳ್ತಂಗಡಿ ಕಡೆ ಅಡಿಕೆ ತೋಟ. ಅಣ್ಣ ವಿಜಯಪುರದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ದ್ರಾಕ್ಷಿ ತೋಟಗಳನ್ನ ಹತ್ತಿರದಿಂದ ನೋಡಿದ್ದೇನೆ.

ದ್ರಾಕ್ಷಿಗೆ ಒಣ ಗಾಳಿ ಬೇಕು. ಹೂವು ಬಿಡುವಾಗ, ಹಣ್ಣು ಮಾಗುವಾಗ ಎಲೆ ಮೇಲೆ ನೀರು ನಿಂತರೆ ಬೂಜು ರೋಗ ಹಿಡಿಯುತ್ತದೆ, ಹಣ್ಣು ಒಡೆಯುತ್ತದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಮಳೆ ಇಲ್ಲದಾಗಲೂ ಕಡಲಿನ ತೇವ. ಅದಕ್ಕೇ ನಮ್ಮ ರಾಜ್ಯದ ದ್ರಾಕ್ಷಿ ಎಲ್ಲ ಘಟ್ಟದ ಆಚೆ: ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ.

ಇನ್ನೊಂದು ವಿಷಯ ನಿಮ್ಮ ಪುಟ್ಟ ಹುಡುಗಿಗೇ ಗೊತ್ತಿರಬಹುದು. ಈಗ ಹೋದರೆ ನಾಸಿಕ್‌ನಲ್ಲೂ ಬಳ್ಳಿಯಲ್ಲಿ ಹಣ್ಣು ಸಿಗಲ್ಲ. ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ, ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ವಿಜಯಪುರದ ರೈತರು ಇದಕ್ಕೆ ಚಾಟನಿ ಅನ್ನುತ್ತಾರೆ. ಅಕ್ಟೋಬರ್ ಚಾಟನಿ ಆದ ಮೇಲೆ ಚಿಗುರಿ, ಹೂ ಬಿಟ್ಟು, ಹಣ್ಣು ಕೊಯ್ಯೋದು ಜನವರಿಯಿಂದ ಮಾರ್ಚ್. ಈ ತಿಂಗಳು ಅಲ್ಲಿ ಬರೀ ಕೊಂಬೆ.

ಆದರೆ ನಮಗೂ ದ್ರಾಕ್ಷಿಗೂ ಒಂದು ಹಳೇ ನಂಟು ಉಂಟು. ನಾವು ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುತ್ತೇವಲ್ಲ, ಬೋರ್ಡೋ ದ್ರಾವಣ? ಬೋರ್ಡೋ ಅನ್ನೋದು ಫ್ರಾನ್ಸಿನ ಒಂದು ಊರು. ದ್ರಾಕ್ಷಿಗೂ ವೈನಿಗೂ ಹೆಸರಾದ ಸೀಮೆ. 1880ರ ದಶಕದಲ್ಲಿ ಅಲ್ಲಿನ ಬಳ್ಳಿಗಳಿಗೆ ಬೂಜು ರೋಗ ಬಂದು ತೋಟಗಳೇ ಹಾಳಾದವು. ಮಿಲಾರ್ಡೆ ಅನ್ನುವ ವಿಜ್ಞಾನಿ ಒಂದು ವಿಚಿತ್ರ ನೋಡಿದರು. ದಾರಿ ಬದಿಯ ಬಳ್ಳಿಗಳಿಗೆ ಮಾತ್ರ ರೋಗ ಇಲ್ಲ. ಯಾಕೆ ಅಂದರೆ, ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚಿದ್ದರು. ಕಳ್ಳರಿಗೆ ಅಂತ ಹಾಕಿದ್ದು ರೋಗಕ್ಕೆ ಮದ್ದಾಯ್ತು. ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, ಇದೇ ಮದ್ದು ಅಡಿಕೆಗೂ ಆಗುತ್ತೆ ಅಂತ ತೋರಿಸಿದರು.

ಇವತ್ತಿಗೂ ಲೆಕ್ಕ ಅದೇ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಬೇಕು. ಆಗ ಬರುವ ಆ ಆಕಾಶದ ನೀಲಿ ಬಣ್ಣ ನೋಡೋಕೇ ಚಂದ. ಅಡಿಕೆ ತೋಟಕ್ಕೆ ಕರೆದುಕೊಂಡು ಹೋಗಿ ಆ ಹುಡುಗಿಯನ್ನ. ನವೆಂಬರ್‌ಗೆ ಮೊದಲ ಕೊಯ್ಲು ಶುರು ಆಗಿರುತ್ತದೆ, ಅಂಗಳದಲ್ಲಿ ಹಣ್ಣಡಿಕೆ ಒಣಗಲು ಹರಡಿರುತ್ತಾರೆ. ನಮ್ಮ ಚಾಲಿ ಅಡಿಕೆ 40 ದಿನಕ್ಕಿಂತ ಜಾಸ್ತಿ ಬಿಸಿಲು ಕಾಯಬೇಕು. ಕಿತ್ತಳೆ ಬಣ್ಣದ್ದು ದಿನದಿಂದ ದಿನಕ್ಕೆ ಬೂದು ಆಗುತ್ತಾ ಹೋಗುತ್ತದೆ.

ಬಿಜೈ ಮಲ್ಲಿಗೆ · ಅಕ್ಟೋಬರ್ 13, ಬೆಳಿಗ್ಗೆ 6.30

ತೋಟದ ಮನೆಯವರೇ, ಇದನ್ನ ನಾನು ಎರಡು ಸಲ ಓದಿದೆ. ಬೋರ್ಡೋ ಅಂದರೆ ಊರಿನ ಹೆಸರು ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಗಂಡನ ಸ್ನೇಹಿತರೊಬ್ಬರ ತೋಟ ವೇಣೂರು ದಾರಿಯಲ್ಲೇ ಉಂಟು, ಕೇಳುತ್ತೇನೆ.

ಕಟಪಾಡಿ ಹುಡುಗ · ಅಕ್ಟೋಬರ್ 13, ಬೆಳಿಗ್ಗೆ 10.00

ತೋಟ ಅಂದರೆ ಬರೀ ಅಡಿಕೆಯಾ ಮಾರಾಯ್ರೆ? ಉಡುಪಿ ಕಡೆಗೂ ಬನ್ನಿ. ನಮ್ಮ ಶಂಕರಪುರದ ಮಲ್ಲಿಗೆ ಮನೆ ಮನೆಯ ಹಿತ್ತಲಲ್ಲಿ ಬೆಳೆಯೋದು. ಬೇರೆ ತೋಟ ಅಂತ ಇಲ್ಲ, ಬಾವಿ ಪಕ್ಕ, ಬಟ್ಟೆ ಒಣಗಿಸುವ ಜಾಗದ ಪಕ್ಕ 50, 100 ಗಿಡ. ನಸುಕಲ್ಲೇ ಎದ್ದು ಮೊಗ್ಗು ಕೊಯ್ಯುತ್ತಾರೆ. ಆಮೇಲೆ ಮನೆಯವರೆಲ್ಲ ಜಗಲಿಯಲ್ಲಿ ಕೂತು ಬಾಳೆ ನಾರಲ್ಲಿ ಕಟ್ಟುತ್ತಾರೆ. ಅಮ್ಮನ ಕೈ ನೋಡಬೇಕು ನೀವು. ಮಾತಾಡುತ್ತಾ ಇರುತ್ತಾರೆ, ಕಣ್ಣು ಬೇರೆ ಎಲ್ಲೋ ಇರುತ್ತದೆ, ಬೆರಳು ಮಾತ್ರ ಎಣಿಸುತ್ತಾ ಹೋಗುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಹೂವು. ರೇಟು ದಿನಾ ಬದಲು. ಕಟ್ಟೆಯಲ್ಲಿ ನಿಗದಿ ಆಗುತ್ತದೆ, ಮದುವೆ ಸೀಸನ್ ಬಂದರೆ ಏರುತ್ತದೆ, ಮಳೆ ಹೊಡೆದರೆ ಹೂವೇ ಇಲ್ಲ.

ಆಮೇಲೆ ಮಟ್ಟುಗುಳ್ಳ. ಕಟಪಾಡಿ ಹತ್ತಿರ ಕಡಲ ಕರೆಯ ಮಟ್ಟು ಊರಲ್ಲಿ ಬೆಳೆಯುವ ಗುಂಡು ಬದನೆ. ಹಸಿರು ಮೈ, ಬಿಳಿ ಗೆರೆ, ತೆಳು ಸಿಪ್ಪೆ. ವಾದಿರಾಜ ಗುರುಗಳು ಬೀಜ ಕೊಟ್ಟದ್ದು ಅಂತ ನಂಬಿಕೆ. ಪರ್ಯಾಯಕ್ಕೆ ಹೊರೆಕಾಣಿಕೆಯಲ್ಲಿ ಕೃಷ್ಣ ಮಠಕ್ಕೆ ಹೋಗುತ್ತದೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಸುಳ್ಳು ಹೇಳಲ್ಲ, ಈಗ ಬಂದರೆ ಗಿಡ ಮಾತ್ರ ನೋಡಬಹುದು. ಕಾಯಿ ಕೈಗೆ ಸಿಗಬೇಕಾದರೆ ಡಿಸೆಂಬರ್ ಆಗಬೇಕು.

ಬಾರ್ಕೂರು ಕೇರಿ · ಅಕ್ಟೋಬರ್ 13, ಸಂಜೆ 5.20

ಎಲ್ಲರೂ ದಕ್ಷಿಣದಲ್ಲೇ ಸುತ್ತುತ್ತಿದ್ದೀರಿ. ಉಡುಪಿಯವರು ಯಾರಾದರೂ ಇದನ್ನ ಓದುತ್ತಿದ್ದರೆ, ಬಾರ್ಕೂರನ್ನ ಮರೆಯಬೇಡಿ. ಉಡುಪಿಯಿಂದ ಬ್ರಹ್ಮಾವರ ದಾಟಿ 16 ಕಿಲೋಮೀಟರ್ ಅಷ್ಟೇ. ಒಂದು ಕಾಲದಲ್ಲಿ ಅಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ಬಾರ್ಕೂರು ರಾಜ್ಯ ಅಂತ ಹೆಸರು. ಇವತ್ತು ಒಂದು ಸಣ್ಣ ಪೇಟೆ. ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ನಮ್ಮ ಹಿರಿಯರು ಹೇಳುತ್ತಾರೆ.

ಊರು ಇವತ್ತಿಗೂ ಕೇರಿ ಕೇರಿಯಾಗಿಯೇ ಇದೆ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ. ಕೋಟೆಕೇರಿಯಲ್ಲಿ ಪಂಚಲಿಂಗೇಶ್ವರ. ಮಣಿಗಾರಕೇರಿಯಲ್ಲಿ ಕತ್ತಲೆ ಬಸದಿ. ಅಲ್ಲಿ ಗೈಡ್ ಇಲ್ಲ, ಗಲಾಟೆ ಇಲ್ಲ. ಹುಲ್ಲಿನ ನಡುವೆ ಕಲ್ಲಿನ ಕಂಬಗಳು, ಕಂಬದ ಮೇಲೆ ಕಲ್ಲಿನದೇ ಇಳಿಜಾರು ಮಾಡು. ಮಳೆ ಬಿಟ್ಟ ಮೇಲೆ ಕಲ್ಲಿನ ಸಂದಿಯಲ್ಲೆಲ್ಲ ಪಾಚಿ ಹಸಿರಾಗಿರುತ್ತದೆ, ಜನವರಿಗೆ ಅದು ಒಣಗಿ ಹೋಗುತ್ತದೆ. ನಾನು ಶಾಲೆ ಬಿಟ್ಟ ಮೇಲೆ ದಿನಾ ಅಲ್ಲಿ ಆಡಿದವನು. ಅಳಿಯಕಟ್ಟಿನ ಕತೆಯ ಭೂತಾಳ ಪಾಂಡ್ಯ ಆಳಿದ್ದು ಇದೇ ಊರು ಅಂತ ಅಜ್ಜಿ ಹೇಳುತ್ತಿದ್ದರು. ಮಗನಿಗಲ್ಲ, ಅಕ್ಕನ ಮಗನಿಗೆ ಆಸ್ತಿ ಅನ್ನುವ ಕಟ್ಟಳೆ ಇಲ್ಲಿಂದಲೇ ಶುರುವಾಯ್ತು ಅನ್ನೋದು ಆ ಕತೆ.

ಯಾರೂ ಬರಲ್ಲ ಅಂತ ನನಗೆ ಬೇಸರ ಉಂಟು. ಬಂದು ಕಂಬದ ಮೇಲೆ ಹೆಸರು ಕೆತ್ತಿ ಹೋಗುವವರು ಬರುತ್ತಾರೆ, ಅದು ಇನ್ನೂ ದೊಡ್ಡ ಬೇಸರ. ನೀವು ಬನ್ನಿ, ಕೂತು ನೋಡಿ, ಕಸ ವಾಪಸ್ ತಗೊಂಡು ಹೋಗಿ.

ಮಣಿಪಾಲದ ಮಾಳಿಗೆ · ಅಕ್ಟೋಬರ್ 13, ರಾತ್ರಿ 9.15

ಬಾರ್ಕೂರಿಗೆ ಹೋಗುವವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕೂಡ ಸೇರಿಸಿಕೊಳ್ಳಿ. ವಿಜಯನಾಥ ಶೆಣೈಯವರು, ಕೆಡವಬೇಕಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ಜೋಡಿಸಿದ ಜಾಗ. ಮಳೆಗೂ ಬಿಸಿಲಿಗೂ ಚಿಂತೆ ಇಲ್ಲ. ಸೋಮವಾರ ರಜೆ.

ಹಂಪನಕಟ್ಟೆ · ಅಕ್ಟೋಬರ್ 13, ರಾತ್ರಿ 9.30

ಪಿಲಿಕುಳ ನಿಸರ್ಗಧಾಮಕ್ಕೂ ಸೋಮವಾರ ರಜೆ. ಅಲ್ಲಿನ ಗುತ್ತು ಮನೆ ಮಕ್ಕಳಿಗೆ ಇಷ್ಟ ಆಗುತ್ತದೆ. ತುಳುವಲ್ಲಿ ಪಿಲಿ ಅಂದರೆ ಹುಲಿ, ಕುಳ ಅಂದರೆ ಕೆರೆ, ಹುಲಿ ನೀರು ಕುಡಿಯುತ್ತಿದ್ದ ಕೆರೆ. ತುಳು ಬಾರದ ಮಗುವಿಗೆ ಒಂದು ಶಬ್ದ ಕಲಿಸಿದ ಹಾಗೂ ಆಯ್ತು.

ಪುತ್ತೂರು ಪರ್ಲಡ್ಕ · ಅಕ್ಟೋಬರ್ 14, ಬೆಳಿಗ್ಗೆ 7.00

ಕಾರಂತರ ಬಾಲವನ ನಮ್ಮಲ್ಲೇ. ಓದುವ ಮಕ್ಕಳಿದ್ದರೆ ಒಂದು ಬೆಳಿಗ್ಗೆ ಪೂರ್ತಿ ಅಲ್ಲೇ ಕಳೆಯಬಹುದು. ಮಂಜೇಶ್ವರದ ಗೋವಿಂದ ಪೈಗಳ ಮನೆ ಗಿಳಿವಿಂಡು ಕೂಡ ಹಾಗೆಯೇ, ಮಂಗಳೂರಿನಿಂದ ಅರ್ಧ ದಿನ ಸಾಕು.

ತೋಡಾರು ತಿರುವು · ಅಕ್ಟೋಬರ್ 14, ಬೆಳಿಗ್ಗೆ 8.10

ಬಿಜೈ ಅಕ್ಕ, ಮೂಡುಬಿದಿರೆಯಲ್ಲಿ ಚೌಟರ ಅರಮನೆ ತಪ್ಪಿಸಬೇಡಿ. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರ ಅರಮನೆ. ಮನೆಯವರು ಈಗಲೂ ಅಲ್ಲೇ ಇದ್ದಾರೆ, ಅದಕ್ಕೆ ಹೊರಗೆ ನಿಂತು ಕೇಳಿ, ಒಪ್ಪಿದರೆ ಮಾತ್ರ ಒಳಗೆ ಹೋಗಿ. ಮರದ ಕಂಬದಲ್ಲಿ ನವನಾರಿ ಕುಂಜರ ಉಂಟು. ದೂರದಿಂದ ಆನೆ, ಹತ್ತಿರ ಹೋದರೆ ಒಂಬತ್ತು ಹೆಂಗಸರು. ಇನ್ನೊಂದು ಪಂಚನಾರಿ ತುರಗ, ಐದು ಹೆಂಗಸರು ಸೇರಿ ಕುದುರೆ. ಮಕ್ಕಳಿಗೆ ಮೊದಲೇ ಹೇಳಬೇಡಿ, ಅವರೇ ಎಣಿಸಲಿ.

ಬಸದಿಯ ಎದುರಿನ ಭೈರಾದೇವಿ ಮಂಟಪದ ಜಗಲಿಯ ಸುತ್ತ ಕೂಡ ಬಗ್ಗಿ ನೋಡಿ. ಜಿರಾಫೆಯೂ ಚೀನಾದ ಡ್ರ್ಯಾಗನ್ ಥರದ ಪ್ರಾಣಿಯೂ ಇವೆ. ನಮ್ಮ ಕಡಲಿಗೆ ಎಲ್ಲೆಲ್ಲಿಂದ ಹಡಗು ಬರುತ್ತಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಬಿಜೈ ಮಲ್ಲಿಗೆ · ನವೆಂಬರ್, ಸೋಮವಾರ ಬೆಳಿಗ್ಗೆ 11.20

ಹೋಗಿ ಬಂದೆವು! ಎಲ್ಲರಿಗೂ ಹೇಳಲೇಬೇಕು ಅಂತ ಮಕ್ಕಳನ್ನ ಅತ್ತ ಕಳಿಸಿ ಕೂತಿದ್ದೇನೆ.

ಆರೂಮುಕ್ಕಾಲಿಗೆ ಹೊರಟೆವು. ಮೂಡುಬಿದಿರೆಯಲ್ಲಿ ಬನ್ಸ್, ಗೋಳಿಬಜೆ, ಚಾ. ಒಂಬತ್ತೂಕಾಲಿಗೆ ವೇಣೂರು. ಮೇಷ್ಟ್ರೇ, ನಿಮ್ಮ ಹೊಳೆಯ ಕತೆ ಕಾರಿನಲ್ಲೇ ಹೇಳಿದ್ದೆ. ಇಳಿದ ಕೂಡಲೇ ನನ್ನ ಮಗ ಕೇಳಿದ್ದು "ಎಲ್ಲಿ ಹೂತದ್ದು?" ಅಂತಲೇ. ಮಾವ ಗೊಮ್ಮಟನ ಕಾಲ ಹತ್ತಿರ ಸುಮಾರು ಹೊತ್ತು ನಿಂತರು, ಏನೂ ಮಾತಾಡಲಿಲ್ಲ. ಆಮೇಲೆ ಕೂತು, ಆಗ ಸೈಕಲ್ಲಲ್ಲಿ ಜೊತೆಗೆ ಬಂದ ಮೂವರು ಗೆಳೆಯರ ಹೆಸರು ಹೇಳಿದರು. ಮೂವರೂ ಈಗ ಇಲ್ಲ. 18 ವರ್ಷದಿಂದ ಈ ಮನೆಯಲ್ಲಿ ಇದ್ದೇನೆ, ಆ ಹೆಸರುಗಳನ್ನ ನಾನು ಒಮ್ಮೆಯೂ ಕೇಳಿರಲಿಲ್ಲ.

ಊಟ ಆಗಿ ಸಾವಿರ ಕಂಬದ ಬಸದಿಗೆ ಹೋದಾಗ ಎರಡೂವರೆ. 1430ರಲ್ಲಿ ಕಟ್ಟಿದ್ದು, ಅಂದರೆ ಕಾರ್ಕಳದ ಗೊಮ್ಮಟನಿಗಿಂತ ಎರಡು ವರ್ಷ ಮೊದಲು ಅಲ್ವಾ? 18 ಕಿಲೋಮೀಟರ್ ದೂರದ ಎರಡು ಊರಲ್ಲಿ ಒಂದೇ ಹೊತ್ತಿಗೆ ಇಷ್ಟು ಕಲ್ಲು ಕೆತ್ತುವ ಕೈಗಳು ಇದ್ದವು ಅಂತ ಯೋಚಿಸಿ ಮೈ ಜುಮ್ಮೆಂದಿತು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತ ಹೇಳುತ್ತಾರಲ್ಲ, ಮಕ್ಕಳಿಬ್ಬರೂ ಒಂದೇ ಥರದ ಎರಡು ಕಂಬ ಹುಡುಕೋಕೆ ಹೋದರು. ಸಿಕ್ಕಿತು ಅಂತ ಓಡಿ ಬರೋದು, ಮತ್ತೆ ನೋಡಿದರೆ ಕೆಳಗಿನ ಬಳ್ಳಿ ಬೇರೆ. ಹೀಗೆ ಒಂದು ಗಂಟೆ. ನಾಲ್ಕಕ್ಕೆ ಗುಡುಗು ಶುರು ಆಯ್ತು. ನಾವು ಜಗಲಿಯಲ್ಲೇ ಕೂತೆವು. ಮೂರು ಮಾಡಿನಿಂದ ನೀರು ಇಳಿಯೋದನ್ನ ಎಲ್ಲರೂ ಸುಮ್ನೆ ನೋಡಿದೆವು. ಹಂಪನಕಟ್ಟೆಯವರೇ, ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು. ನಿಮ್ಮವರ ಕೈ ಈಗ ಹೇಗಿದೆ?

ಚೌಟರ ಅರಮನೆಗೆ ಈ ಸಲ ಆಗಲಿಲ್ಲ. ಮಳೆಯಲ್ಲಿ ಮನೆಯವರ ಬಾಗಿಲು ತಟ್ಟೋಕೆ ಸರಿ ಅನ್ನಿಸಲಿಲ್ಲ.

ಈಗ ತೋಟದ ಮಾತು. ವೇಣೂರಿನಿಂದ ಬರುವಾಗ ಗಂಡನ ಸ್ನೇಹಿತರ ತೋಟಕ್ಕೆ ಹೋದೆವು. ಅಂಗಳದ ತುಂಬ ಹಣ್ಣಡಿಕೆ. ತಂಗಿಯ ಮಗಳಿಗೆ ಮೊದಮೊದಲು ಅಷ್ಟೇನೂ ಆಸಕ್ತಿ ಇರಲಿಲ್ಲ. "ಇದನ್ನ ತಿನ್ನೋಕೆ ಆಗಲ್ವಾ?" ಅಂತ ಕೇಳಿ ಸುಮ್ಮನಾದಳು. ನಾನು ಬೋರ್ಡೋ ಕತೆ ಹೇಳಿದೆ, ಅದಕ್ಕೂ ತಲೆ ಆಡಿಸಿದಳು ಅಷ್ಟೇ. ಆಮೇಲೆ ಕೊಟ್ಟಿಗೆ ಹಿಂದೆ ಹೋದವಳು ಕೂಗಿ ಕರೆದಳು. ಅಲ್ಲಿ ಮದ್ದು ಕಲಸುವ ಡ್ರಮ್ಮು ಮಗುಚಿ ಇಟ್ಟಿದ್ದರು. ಬಾಯಿಯ ಸುತ್ತ, ಹಿಡಿಯ ಸಂದಿಯಲ್ಲಿ ಒಣಗಿದ ನೀಲಿ. ಮುಟ್ಟಬೇಡ ಅಂದೆ. ಅವಳು ಮುಟ್ಟಲಿಲ್ಲ, ಮೂಗು ಹತ್ತಿರ ತಂದು ನೋಡಿದಳು. "ದೊಡ್ಡಮ್ಮ, ನಮ್ಮ ಮನೆ ಹಿಂದಿನ ದ್ರಾಕ್ಷಿ ತೋಟದ ಡ್ರಮ್ಮೂ ಹೀಗೇ ನೀಲಿ ಇದೆ" ಅಂದಳು. ಅಲ್ಲಿಂದ ಹೊರಡುವ ತನಕ ತೋಟದವರನ್ನ ಬಿಡಲಿಲ್ಲ. ಎಷ್ಟು ಸಲ ಬಿಡುತ್ತೀರಿ, ಅಷ್ಟು ಎತ್ತರಕ್ಕೆ ಹೇಗೆ ಬಿಡುತ್ತೀರಿ, ಮಳೆ ಬಂದರೆ ತೊಳೆದು ಹೋಗಲ್ವಾ ಅಂತ.

ತೋಟದ ಮನೆ · ನವೆಂಬರ್, ಸೋಮವಾರ ಮಧ್ಯಾಹ್ನ 12.40

ಮಳೆಗೆ ತೊಳೆದು ಹೋಗಲ್ವಾ ಅನ್ನೋದು ಸರಿಯಾದ ಪ್ರಶ್ನೆ! ಹೇಳಿ ಅವಳಿಗೆ: ಎಲೆ, ಕಾಯಿ ಒಣಗಿರುವಾಗ ಬಿಟ್ಟು, ಮದ್ದು ಒಣಗೋಕೆ ಸ್ವಲ್ಪ ಬಿಸಿಲು ಸಿಕ್ಕಿದರೆ ಸುಣ್ಣದ ಜೊತೆ ಅಂಟಿಕೊಂಡು ಕೂರುತ್ತದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅರ್ಧ ದಿನದ ಬಿಸಿಲಿಗೆ ನಾವು ಆಕಾಶ ನೋಡುತ್ತಾ ಕೂರೋದು ಅದಕ್ಕೇ.

ಹಂಪನಕಟ್ಟೆ · ನವೆಂಬರ್, ಸೋಮವಾರ ಮಧ್ಯಾಹ್ನ 2.00

ಕೈ ಪೂರ್ತಿ ವಾಸಿ ಆಗಿದೆ, ಕೇಳಿದ್ದಕ್ಕೆ ಸಂತೋಷ. ನಿಮ್ಮ ಬರಹ ಅವಳಿಗೂ ಓದಿ ಹೇಳಿದೆ.

ಸುರತ್ಕಲ್ ಸವಾರ · ನವೆಂಬರ್, ಸೋಮವಾರ ಮಧ್ಯಾಹ್ನ 2.30

ಅಕ್ಕ, ನಾನು ನಾಲ್ಕು ಸಲ ಸಾವಿರ ಕಂಬದ ಬಸದಿಗೆ ಹೋಗಿದ್ದೇನೆ, ಒಮ್ಮೆಯೂ ಜಗಲಿಯಲ್ಲಿ ಕೂತಿಲ್ಲ. ಈ ಭಾನುವಾರ ಅಪ್ಪ ಅಮ್ಮನ ಜೊತೆ ಬರೀ ಅಲ್ಲಿಗೇ ಹೋಗುತ್ತೇನೆ.

ಕಟಪಾಡಿ ಹುಡುಗ · ನವೆಂಬರ್, ಸೋಮವಾರ ಸಂಜೆ 6.10

ಬಿಜೈ ಅಕ್ಕ, ಡಿಸೆಂಬರ್ ಎರಡನೇ ವಾರ ಮಾವನವರನ್ನ ಕರೆದುಕೊಂಡು ಮಟ್ಟುವಿಗೆ ಬನ್ನಿ. ಗದ್ದೆ ಬದಿಯವರೆಗೂ ಕಾರು ಬರುತ್ತದೆ, ಒಂದು ಮೆಟ್ಟಿಲೂ ಇಲ್ಲ. ಬರುವಾಗ ಒಂದು ಬಟ್ಟೆ ಚೀಲ ಇರಲಿ. ಗುಳ್ಳದ ತೊಟ್ಟಲ್ಲಿ ಮುಳ್ಳು ಉಂಟು, ಪ್ಲಾಸ್ಟಿಕ್ ಚೀಲ ಹರಿದುಬಿಡುತ್ತದೆ.